ಫಾಲೋ ಇಲ್ಲದ ರೆಡ್

ಕೈಗೆ ನಾಲ್ಕು ಕಾಸು ಸೇರಿದರೆ ಸಾಕು, ಅದನ್ನು ಖರ್ಚು ಮಾಡುವ ತನಕ ನೆಮ್ಮದಿಯಿಲ್ಲದ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ನಮ್ಮ ಬೀದಿಯಲ್ಲಿ ಅಂಥವರಿಲ್ಲ ಅನ್ನುತ್ತೀರಾ? ಹಾಗಾದರೆ ಒಂದು ಸಲ ನಿಮ್ಮ ಮನೆಯ ಅಟ್ಟಕ್ಕೆ ಟಾರ್ಚ್ ಬಿಟ್ಟು ನೋಡಿ. ಎರಡು ದಿನ ಹಣ್ಣಿನ ರಸ ಹಿಂಡಿ ಸುಸ್ತಾದ ಯಂತ್ರ, ಹೊಟ್ಟೆ ಕರಗಿಸುತ್ತೇನೆಂದು ಬಂದು ತಾನೇ ಮೂಲೆ ಸೇರಿದ ಬೆಲ್ಟು, ಯಾರದೋ ಮಾತಿಗೆ ಮರುಳಾಗಿ ತಂದ ಇನ್ನೊಂದು ಮತ್ತೊಂದು, ಎಲ್ಲ ಅಲ್ಲಿ ತಣ್ಣಗೆ ಮಲಗಿರುತ್ತವೆ.

ಈ ಕಥೆಯ ಕತ್ತರಿಯಣ್ಣನಿಗೆ ಪಾಪ, ಅಟ್ಟವೇ ಇರಲಿಲ್ಲ. ಅವನದು ಒಂದು ಸಣ್ಣ ಕಟಿಂಗ್ ಶಾಪು, ಅದರ ಬೆನ್ನಿಗೇ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ತಾನು. ಹಾಗಾಗಿ ಅವನು ಆಸೆಪಟ್ಟು ತಂದದ್ದೆಲ್ಲ ಗಿರಾಕಿಗಳ ಕಣ್ಣೆದುರೇ ಬಿದ್ದಿರುತ್ತಿತ್ತು. ಮುಖಕ್ಕೆ ಹಬೆ ಕೊಡುವ ಮಷೀನು ಇತ್ತು. ಅದಕ್ಕೀಗ ಒದ್ದೆ ಟವೆಲು ನೇತುಹಾಕುತ್ತಿದ್ದರು. ಬಣ್ಣದ ಲೈಟು ಮಿಣುಕಿಸುವ ಆಳೆತ್ತರದ ಸ್ಪೀಕರ್ ಇತ್ತು. ಅದು ಬಾಯಿಬಿಟ್ಟರೆ ಕುರ್ಚಿಯಲ್ಲಿ ಕೂತ ಮಕ್ಕಳು ಬೆಚ್ಚಿಬಿದ್ದು ತಲೆ ಅಲ್ಲಾಡಿಸಿ, ಕಟಿಂಗು ಒಂದು ಕಡೆ ಏರಿ ಒಂದು ಕಡೆ ಇಳಿಯುತ್ತಿತ್ತು. ಅದಕ್ಕೇ ಅದರ ವೈರು ಕಿತ್ತಿಟ್ಟಿದ್ದರು. ಪಾದ ಒತ್ತುವ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಬೋಡುತಲೆ ತಾತ ಚಪ್ಪಲಿ ಬಿಡುತ್ತಿದ್ದರು.

ಈ ತಾತ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ತಲೆಯ ಮೇಲೆ ಕತ್ತರಿಸಲು ಒಂದೇ ಒಂದು ಕೂದಲಿಲ್ಲ. ಆದರೂ ದಿನಾ ಬೆಳಿಗ್ಗೆ ಕಟಿಂಗ್ ಶಾಪಿಗೆ ಹಾಜರು. "ನಾನು ಬರೋದ್ರಿಂದ ನಿನಗೇನೋ ನಷ್ಟ? ಬೆಂಚ್ ಮೇಲೆ ಒಬ್ಬರು ಕೂತಿದ್ರೆ ಅಂಗಡಿ ತುಂಬಿದ ಹಾಗೆ ಕಾಣತ್ತೆ," ಎಂದು ಪುಕ್ಕಟೆ ಪೇಪರು ಬಿಡಿಸುತ್ತಿದ್ದರು.

ಆದರೆ ಆ ಅಂಗಡಿಗೆ ಜನ ಬರುತ್ತಿದ್ದುದು ಪೇಪರಿಗೂ ಅಲ್ಲ, ಹಬೆಗೂ ಅಲ್ಲ. ಮೂಲೆಯಲ್ಲಿದ್ದ ಹಳೇ ಕೇರಂ ಬೋರ್ಡಿಗೆ. ಕತ್ತರಿಯಣ್ಣ ಕೇರಮ್ಮಿನಲ್ಲಿ ಸೋತದ್ದನ್ನು ಕಂಡವರು ಆ ಬೀದಿಯಲ್ಲಿ ಕಡಿಮೆ. ಬೋರ್ಡಿಗೆ ಹಾಕುತ್ತಿದ್ದುದು ಗಿರಾಕಿಗಳ ಕತ್ತಿಗೆ ಬಳಿಯುವ ಪೌಡರೇ. ಅವನು ಧಾರಾಳವಾಗಿ ಉದುರಿಸುತ್ತಿದ್ದ. ಬೋರ್ಡಿಗೆ ಬಿದ್ದದ್ದು ಅರ್ಧ, ನೆಲಕ್ಕೆ ಬಿದ್ದದ್ದು ಅರ್ಧ.

"ರೀ, ನೆಲ ಒರೆಸಿ. ಯಾರಾದ್ರೂ ಜಾರಿ ಬಿದ್ದು ಹಲ್ಲು ಮುರ್ಕೊಂಡಾರು," ಎಂದು ಹೆಂಡತಿ ಒಳಗಿಂದ ಕೂಗುವಳು. ಅವಳು ಮನೆಯಲ್ಲೇ ಮಷೀನಿಟ್ಟುಕೊಂಡು ಪ್ಯಾಂಟು ಗಿಡ್ಡ ಮಾಡುವ, ಜಿಪ್ಪು ಹಾಕುವ, ಹರಿದದ್ದಕ್ಕೆ ತೇಪೆ ಕೊಡುವ ಕೆಲಸ ಮಾಡುತ್ತಿದ್ದಳು.

"ಆಯ್ತು ಕಣೇ, ಒರೆಸ್ತೀನಿ," ಅನ್ನುವನು. ಒರೆಸಿದರೆ ತಾನೇ?

ಒಂದು ವಿಚಿತ್ರ ಏನೆಂದರೆ, ದುಡ್ಡಿನ ವಿಷಯದಲ್ಲಿ ಅಂಥ ಧಾರಾಳಿ, ಕೇರಂ ಬೋರ್ಡಿನ ಮುಂದೆ ಕೂತರೆ ಪರಮ ಜಿಪುಣ. ಹತ್ತು ಸಲ ನೋಡಿ ಒಂದು ಸಲ ಹೊಡೆಯುವನು. ಕೇರಂ ಆಡದವರಿಗೆ ಇಲ್ಲೊಂದು ಮಾತು ಹೇಳಿಬಿಡಬೇಕು. ಬೋರ್ಡಿನ ನಡುವೆ ಒಂದೇ ಒಂದು ಕೆಂಪು ಕಾಯಿ ಇರುತ್ತದೆ. ಅದೇ ರೆಡ್. ಎಲ್ಲರ ಕಣ್ಣೂ ಅದರ ಮೇಲೆಯೇ. ಆದರೆ ರೆಡ್ಡನ್ನು ಮೂಲೆಯ ತೂತಿಗೆ, ಅಂದರೆ ಪಾಕೆಟ್ಟಿಗೆ, ಹಾಕಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಅದರ ಹಿಂದೆಯೇ, ಮುಂದಿನ ಹೊಡೆತದಲ್ಲಿ, ನಿಮ್ಮದೇ ಇನ್ನೊಂದು ಕಾಯಿಯನ್ನೂ ಹಾಕಬೇಕು. ಅದಕ್ಕೆ ಫಾಲೋ ಅನ್ನುತ್ತಾರೆ. ಫಾಲೋ ತಪ್ಪಿದರೆ ರೆಡ್ ಮತ್ತೆ ನಡುವಿಗೆ ಬಂದು ಕೂರುತ್ತದೆ. ಕತ್ತರಿಯಣ್ಣ ಫಾಲೋಗೆಂದು ಒಂದು ಕಾಯಿಯನ್ನು ಪಾಕೆಟ್ಟಿನ ಬಾಯಿಗೆ ತಂದು ಕೂರಿಸದ ಹೊರತು ರೆಡ್ಡಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಕತ್ತರಿಯಣ್ಣನ ಫೋನಿಗೆ ಒಂದು ವಿಡಿಯೋ ಬಂತು. ಅದರಲ್ಲೊಂದು ಕುರ್ಚಿ. ಕಪ್ಪಗೆ ಮಿರಮಿರ ಮಿಂಚುವ ಕುರ್ಚಿ. ಗುಂಡಿ ಒತ್ತಿದರೆ ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ಹಾಸಿಗೆಯಂತೆ ಚಾಚಿಕೊಳ್ಳುತ್ತದೆ, ಮೂರನೆಯದು ಒತ್ತಿದರೆ ಗುಂಯ್ ಎಂದು ಬೆನ್ನು ಒತ್ತುತ್ತದೆ. ಕತ್ತರಿಯಣ್ಣ ಅರ್ಧ ಗಡ್ಡ ತೆಗೆದ ಗಿರಾಕಿಯನ್ನು ಹಾಗೇ ಬಿಟ್ಟು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಅರ್ಧ ಗಡ್ಡದವನೂ ಕತ್ತು ಚಾಚಿ ನೋಡಿದ. ಆಮೇಲೆ ಕುರ್ಚಿ ಮಾರುವವನ ಫೋನೇ ಬಂತು. "ಸಾರ್, ಈ ರೇಟು ಸೋಮವಾರದ ತನಕ ಮಾತ್ರ. ಈಗ ಬಿಟ್ರೆ ಮತ್ತೆ ಸಿಗಲ್ಲ ಸಾರ್."

ಗಿರಾಕಿಯ ಉಳಿದರ್ಧ ಗಡ್ಡ ಮುಗಿಸಿ ಕತ್ತರಿಯಣ್ಣ ಮನೆಯೊಳಗೆ ಓಡಿದ.

"ಏ, ಸೋಮವಾರ ಪೋಸ್ಟಾಫೀಸಿಗೆ ಹೋಗೋಣ. ದುಡ್ಡು ತೆಗೀಬೇಕು. ನೀನೊಂದು ಸಹಿ ಹಾಕು."

ಹೊಲಿಗೆ ಮಷೀನು ತಟ್ಟನೆ ನಿಂತಿತು. "ಯಾವ ದುಡ್ಡು?"

"ಅದೇ, ನಮ್ಮಿಬ್ಬರ ಹೆಸರಲ್ಲಿರೋದು. ಸುಮ್ಮನೆ ಬಿದ್ದಿದೆಯಲ್ಲ."

ಆ ದುಡ್ಡು ಗಂಡ ಹೆಂಡತಿ ಇಬ್ಬರೂ ಸೇರಿ, ವರ್ಷಾನುಗಟ್ಟಲೆ ಅಷ್ಟಿಷ್ಟು ಹಾಕಿ ಕೂಡಿಟ್ಟದ್ದು. ಸಂಸಾರ ಅಂತ ಆದ ಮೇಲೆ ಅವರ ಹತ್ತಿರ ನಿಂತ ದುಡ್ಡು ಅದೊಂದೇ. ಅದಕ್ಕೆ ಮುಂಚಿನದೆಲ್ಲ ಸ್ಪೀಕರು, ಹಬೆಯ ಮಷೀನು ಆಗಿಹೋಗಿತ್ತು. ಹಾಗಾಗಬಾರದೆಂದೇ ಹೆಂಡತಿ ಖಾತೆಯನ್ನು ಜಂಟಿಯಾಗಿ ಮಾಡಿಸಿದ್ದಳು. ಇಬ್ಬರೂ ಸಹಿ ಹಾಕದೆ ಒಂದು ಕಾಸೂ ಅಲ್ಲಿಂದ ಅಲುಗುವಂತಿರಲಿಲ್ಲ.

"ಕಷ್ಟಕ್ಕೆ ಅಂತ ಇಟ್ಟಿರೋದು ರೀ ಅದು. ಕುರ್ಚಿಗಲ್ಲ."

"ಕಷ್ಟ ಎಲ್ಲಿದೆ ಈಗ? ಕಲ್ಲುಗುಂಡಿನ ಹಾಗಿದೀನಿ. ಆ ಕುರ್ಚಿ ಬಂದ್ರೆ ಜನ ಸಾಲು ನಿಲ್ತಾರೆ ಕಣೇ! ಸ್ವಲ್ಪ ಕಡಿಮೆ ಬೀಳತ್ತೆ, ಅದಕ್ಕೆ ಕಂತು ಕಟ್ಟಿದ್ರಾಯ್ತು."

"ಸ್ಪೀಕರ್ ಬಂದ್ರೂ ಸಾಲು ನಿಲ್ತಾರೆ ಅಂದಿದ್ರಿ."

"ಸ್ಪೀಕರ್ ಬೇರೆ, ಕುರ್ಚಿ ಬೇರೆ."

ಜಗಳ ಮಾತಿಗೆ ಮಾತು ಬೆಳೆದು ಮನೆಯೊಳಗಿಂದ ಅಂಗಡಿಗೆ ಬಂತು. ತಾತ ಪೇಪರು ಮಡಚಿ ಕಿವಿ ನಿಮಿರಿಸಿದರು. ಅಷ್ಟರಲ್ಲಿ ಮೇಲಿನ ಮನೆಯ ಮೆಟ್ಟಿಲಿಳಿದು ಪೋಸ್ಟಾಫೀಸಿನ ಅಕ್ಕ ಬಂದಳು. ಅವಳು ಪೋಸ್ಟಾಫೀಸಿನ ಉಳಿತಾಯ ಕೌಂಟರಿನಲ್ಲಿ ಕೂರುವವಳು. ಆಫೀಸಿನ ಕೇರಂ ಪಂದ್ಯದಲ್ಲಿ ಕಪ್ ಗೆದ್ದವಳು. ಶನಿವಾರ ಅರ್ಧ ದಿನ ರಜೆಯಾದ್ದರಿಂದ ಕತ್ತರಿಯಣ್ಣನ ಜೊತೆ ಒಂದು ಆಟ ಆಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಏನಕ್ಕ, ನೀವೇ ಹೇಳಿ," ಎಂದು ಇಬ್ಬರೂ ಒಟ್ಟಿಗೇ ಅವಳ ಮೇಲೆ ಬಿದ್ದರು.

ಅಕ್ಕ ಇಬ್ಬರ ಮಾತನ್ನೂ ಕೇಳಿದಳು. "ನಾನು ಹೇಳೋದು ಆಮೇಲೆ. ಮೊದಲು ಆಟ," ಎಂದು ಬೋರ್ಡಿನ ಮುಂದೆ ಕೂತಳು.

ಕತ್ತರಿಯಣ್ಣನ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಹೆಂಡತಿಯ ಕಡೆ ತಿರುಗಿ, "ಹೀಗ್ಮಾಡೋಣ. ನಿನ್ನ ಪರವಾಗಿ ಅಕ್ಕ ಆಡಲಿ. ನಾನು ಗೆದ್ರೆ ನೀನು ಸಹಿ ಹಾಕ್ಬೇಕು. ಅಕ್ಕ ಗೆದ್ರೆ ನಾನು ಕುರ್ಚಿ ಸುದ್ದಿ ಎತ್ತಲ್ಲ," ಅಂದ.

"ಲೋ, ಈ ಅಂಗಡೀಲಿ ಪಣ ಕಟ್ಟಿ ಆಡಬಾರದು ಅಂತ ನೀನೇ ಬೋರ್ಡ್ ಹಾಕಿದೀಯಲ್ಲೋ," ಎಂದರು ತಾತ, ಗೋಡೆಯ ಕಡೆ ಕೈ ತೋರಿಸುತ್ತ.

"ದುಡ್ಡು ಕಟ್ಟಬಾರದು ಅಂತ ಹಾಕಿರೋದು ತಾತ. ಇದು ಬರೀ ಸಹಿ."

ಹೆಂಡತಿ ಒಂದು ಕ್ಷಣ ಯೋಚಿಸಿದಳು. ಗಂಡ ಎಂಥ ಆಟಗಾರ ಅವಳಿಗೆ ಗೊತ್ತಿಲ್ಲವೇ? ಆದರೆ ಈಗ ಬೇಡ ಅಂದರೆ ಸೋಮವಾರದ ತನಕ ಮನೆಯಲ್ಲಿ ಒಂದೇ ರಾಗ. "ಆಯ್ತು," ಎಂದು ಕತ್ತರಿಯಣ್ಣನ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತಳು. "ಆದ್ರೆ ನನಗೆ ಆಟ ಬರಲ್ಲ. ಗೊತ್ತಾಗದೇ ಇದ್ದದ್ದು ಕೇಳ್ತೀನಿ. ಹೇಳ್ಬೇಕು."

"ಕೇಳು ಕೇಳು. ಹೇಳಿಕೊಡೋಕೆ ನಾನಿಲ್ವಾ?" ಎಂದು ಕತ್ತರಿಯಣ್ಣ ಧಾರಾಳವಾಗಿ ಪೌಡರ್ ಉದುರಿಸಿದ. ಅವನಿಗೆ ಪಾಠ ಹೇಳುವುದೆಂದರೆ ಅಷ್ಟಿಷ್ಟು ಖುಷಿಯಲ್ಲ. ತಾತ ಅಂಪೈರ್ ಆದರು. ಅರ್ಧ ಗಡ್ಡದ ಗಿರಾಕಿ ಪೂರ್ತಿ ಗಡ್ಡ ತೆಗೆಸಿಕೊಂಡಿದ್ದರೂ ಮನೆಗೆ ಹೋಗದೆ ಉಳಿದ.

ಆಟ ಶುರುವಾಯಿತು. ಕತ್ತರಿಯಣ್ಣನವು ಬಿಳಿ, ಅಕ್ಕನವು ಕಪ್ಪು. ಕತ್ತರಿಯಣ್ಣ ಟಪಟಪನೆ ಮೂರು ಕಾಯಿ ಇಳಿಸಿದ. ನಾಲ್ಕನೆಯದನ್ನು ಮೆಲ್ಲಗೆ ತಳ್ಳಿ ಪಾಕೆಟ್ಟಿನ ಬಾಯಲ್ಲಿ ಕೂರಿಸಿದ. ಮುಂದಿನ ಸರದಿಯಲ್ಲಿ ಅದನ್ನು ಬಿಟ್ಟು ದೂರದ ಇನ್ನೊಂದಕ್ಕೆ ಗುರಿಯಿಟ್ಟ.

ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಅದು ಪಾಕೆಟ್ ಬಾಯಲ್ಲೇ ಕೂತಿದೆ. ಊದಿದ್ರೆ ಬೀಳತ್ತೆ. ಅದನ್ನ ಬಿಟ್ಟು ಅಷ್ಟು ದೂರ ಯಾಕೆ ಹೊಡೀತೀರಿ?"

"ಅದನ್ನ ಮುಟ್ಟಬಾರದು ಕಣೇ. ಅದು ಫಾಲೋಗೆ ಇಟ್ಟಿರೋದು."

"ಸುಮ್ಮನೆ ಬಿದ್ದಿದೆಯಲ್ಲ?"

"ಸುಮ್ಮನೆ ಬಿದ್ದಿಲ್ಲ! ಕಾಯ್ತಾ ಇದೆ," ಎಂದ ಕತ್ತರಿಯಣ್ಣ, ಮೇಷ್ಟರಂತೆ ಬೆರಳೆತ್ತಿ. "ಕೈಗೆ ಹತ್ತಿರ ಇದೆ ಅಂತ ಅದನ್ನೇ ಮೊದಲು ಹಾಕೋನು ಹಸಿ ಆಟಗಾರ. ಅದು ಅಲ್ಲಿ ಇದೆ ಅನ್ನೋ ಧೈರ್ಯದ ಮೇಲೇ ಉಳಿದ ಆಟ ಎಲ್ಲ ನಡೆಯೋದು."

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೆಮ್ಮಿದಳು. ತಾತ ಪೇಪರಿನ ಮರೆಗೆ ಸರಿದರು.

ಅಕ್ಕನ ಸರದಿ ಬಂತು. ಅವಳು ಹೊಡೆದ ಸ್ಟ್ರೈಕರು, ಅಂದರೆ ಕಾಯಿಗಳನ್ನು ಹೊಡೆಯುವ ದೊಡ್ಡ ಬಿಲ್ಲೆ, ಎರಡು ಕಡೆ ಬಡಿದು, ತಿರುಗಿ ಬಂದು, ಆ ಕಾಯುತ್ತಿದ್ದ ಬಿಳಿ ಕಾಯಿಗೆ ತಾಗಿ ಅದನ್ನು ಬೋರ್ಡಿನ ಆ ತುದಿಗೆ ಕಳಿಸಿತು.

"ಅಯ್ಯೋ, ನಿಮ್ಮ ಫಾಲೋ ಹೋಯ್ತಲ್ಲ!" ಎಂದಳು ಹೆಂಡತಿ, ತಾನು ಯಾರ ಪಕ್ಷ ಎಂಬುದನ್ನೇ ಮರೆತು.

"ಆಟ ಅಂದ್ಮೇಲೆ ಹಾಗೇ. ಪೆಟ್ಟು ಯಾವ ಕಡೆಯಿಂದ ಬರತ್ತೆ ಅಂತ ಯಾರಿಗೆ ಗೊತ್ತು? ಒಂದೇ ಇಟ್ಟುಕೊಂಡಿದ್ದು ನನ್ನದೇ ತಪ್ಪು. ಎರಡು ಮೂರು ಇಟ್ಟುಕೊಂಡಿರಬೇಕಿತ್ತು," ಎಂದು ಕತ್ತರಿಯಣ್ಣ ಗಂಭೀರವಾಗಿ ತಲೆಯಾಡಿಸಿದ. ಗಿರಾಕಿ ಕಿಸಕ್ಕನೆ ನಕ್ಕ. ಯಾಕೆ ನಕ್ಕನೆಂದು ಕತ್ತರಿಯಣ್ಣನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅದೇ ಹೊಡೆತದ ಗದ್ದಲದಲ್ಲಿ ರೆಡ್ ಉರುಳಿಕೊಂಡು ಬಂದು ಕತ್ತರಿಯಣ್ಣನ ಎದುರಿನ ಪಾಕೆಟ್ಟಿನ ಅಂಚಿನಲ್ಲಿ ನಿಂತಿತ್ತು. ಕೆಂಪಗೆ, ಲಕಲಕ ಹೊಳೆಯುತ್ತ. ಕತ್ತರಿಯಣ್ಣ ಅದರ ಕಡೆ ನೋಡಿದ. ಬಿಳಿ ಕಾಯಿಗಳ ಕಡೆ ನೋಡಿದ. ಒಂದೂ ಪಾಕೆಟ್ಟಿನ ಹತ್ತಿರ ಇರಲಿಲ್ಲ. ಸ್ಟ್ರೈಕರನ್ನು ರೆಡ್ಡಿನಿಂದ ತಿರುಗಿಸಿ ಬೇರೆ ಕಡೆ ಇಟ್ಟ.

"ರೀ! ರೆಡ್ ಬಿಡ್ತೀರಾ? ಹಾಕಿಬಿಡಿ. ಈಗ ಬಿಟ್ರೆ ಮತ್ತೆ ಸಿಗಲ್ಲ!"

"ಸಿಗಲ್ಲ ಅಂತ ಹೆದರಿ ಹೊಡೆದೋರೆಲ್ಲ ಸೋತಿದ್ದಾರೆ," ಎಂದ ಕತ್ತರಿಯಣ್ಣ ನಿಧಾನವಾಗಿ, ಒಂದೊಂದೇ ಮಾತು ತೂಗಿ. "ರೆಡ್ ಕಣ್ಣು ಕುಕ್ಕತ್ತೆ, ನಿಜ. ಆದ್ರೆ ಫಾಲೋ ಎಲ್ಲಿದೆ? ಹಿಂದೆ ಒಂದು ಕಾಯಿ ಇಲ್ಲದೇ ಇದ್ರೆ, ಹಾಕಿದ ರೆಡ್ಡೂ ನಮ್ಮದಲ್ಲ ಕಣೇ. ಬಂದ ಹಾಗೇ ವಾಪಸ್ ಹೋಗತ್ತೆ. ಮೊದಲು ಫಾಲೋ ಕೂರಿಸ್ಬೇಕು, ಆಮೇಲೆ ರೆಡ್."

ತಾತ ಪೇಪರು ಕೆಳಗಿಟ್ಟು, "ಅಲ್ವೇನೋ ಮಗನೇ, ಇಷ್ಟು ಚೆನ್ನಾಗಿ ಗೊತ್ತಿದ್ದೂ ಕುರ್ಚಿ ತರ್ತೀನಿ ಅಂತೀಯಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿ ನಕ್ಕ. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಹೆಂಡತಿ ಮಾತ್ರ ನಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

ಕತ್ತರಿಯಣ್ಣನಿಗೆ ಆಗ ಹೊಳೆಯಿತು. ತನ್ನ ಬಾಯಿಂದಲೇ ಬಂದ ಮಾತುಗಳು ಒಂದೊಂದಾಗಿ ತಿರುಗಿ ಬಂದು ಕಿವಿಯಲ್ಲಿ ಕೂತವು. ಕಿವಿ ಕೆಂಪಾಯಿತು. ಇನ್ನೊಬ್ಬನಾಗಿದ್ದರೆ ಅಲ್ಲೇ ಸೋತೆ ಅನ್ನುತ್ತಿದ್ದ. ಆದರೆ ಇಷ್ಟು ಜನ ನಕ್ಕ ಮೇಲೆ ಒಪ್ಪಿಕೊಳ್ಳುವುದೆಂದರೆ ಕತ್ತರಿಯಣ್ಣನಿಗೆ ಆಗದ ಮಾತು.

"ಆಟ ಬೇರೆ, ಜೀವನ ಬೇರೆ!" ಎಂದು ಗುಡುಗಿದ. "ಅದನ್ನ ಈಗಲೇ ತೋರಿಸ್ತೀನಿ. ನೋಡ್ರಿ, ಫಾಲೋ ಇಲ್ದೇನೂ ರೆಡ್ ಹಾಕಿ ಗೆಲ್ತೀನಿ."

ಜನ್ಮದಲ್ಲಿ ಮಾಡದ ಕೆಲಸವನ್ನು ಅವನು ಆವತ್ತು ಮಾಡಿದ. ಸ್ಟ್ರೈಕರು ತಿರುಗಿಸಿ ರೆಡ್ಡಿಗೆ ಹೊಡೆದ. ರೆಡ್ ಗಡಕ್ಕನೆ ಒಳಗೆ ಬಿತ್ತು. "ಹಾಂ!" ಎಂದ. ಈಗ ಫಾಲೋ ಹಾಕಬೇಕು. ಹತ್ತಿರದ ಬಿಳಿ ಕಾಯಿ ಎಂದರೆ ಬೋರ್ಡಿನ ಆ ಮೂಲೆಯಲ್ಲಿ, ಎರಡು ಕಪ್ಪು ಕಾಯಿಗಳ ಹಿಂದೆ ಅಡಗಿತ್ತು. ಕತ್ತರಿಯಣ್ಣ ನಾಲಿಗೆ ಕಚ್ಚಿ, ಒಂದು ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಹೊಡೆದ. ಬಿಳಿ ಕಾಯಿ ಕದಲಲಿಲ್ಲ. ಸ್ಟ್ರೈಕರು ಬೋರ್ಡನ್ನೆಲ್ಲ ಸುತ್ತಿ, ದಣಿದು, ತಾನೇ ಹೋಗಿ ಪಾಕೆಟ್ಟಿನೊಳಗೆ ಬಿತ್ತು.

"ರೆಡ್ ವಾಪಸ್!" ಎಂದು ತಾತ ಬಸ್ಸು ನಿಲ್ಲಿಸುವವರಂತೆ ಕೂಗಿದರು. "ಸ್ಟ್ರೈಕರ್ ಬಿತ್ತು, ಫೈನು! ಹಾಕಿದ್ದರಲ್ಲಿ ಇನ್ನೊಂದು ಕಾಯೀನೂ ಎತ್ತಿಡು!"

ಕತ್ತರಿಯಣ್ಣ ರೆಡ್ಡನ್ನು ನಡುವಿಗಿಟ್ಟ. ತಾನು ಹಾಕಿದ್ದ ಮೂರು ಬಿಳಿಯಲ್ಲಿ ಒಂದನ್ನೂ ಇಟ್ಟ. ಅಕ್ಕ ಅವಸರ ಮಾಡಲಿಲ್ಲ. ಒಂದು ಕಪ್ಪನ್ನು ಪಾಕೆಟ್ಟಿನ ಬಾಯಲ್ಲಿ ಕೂರಿಸಿಕೊಂಡಳು, ತನ್ನ ಸರದಿ ಬಂದಾಗ ರೆಡ್ ಇಳಿಸಿದಳು, ಹಿಂದೆಯೇ ಫಾಲೋ ಇಳಿಸಿದಳು. ಆಮೇಲೆ ಬಹಳ ಹೊತ್ತು ಹಿಡಿಯಲಿಲ್ಲ, ಆಟ ಅಕ್ಕನದಾಯಿತು.

ಹೆಂಡತಿ ಎಲ್ಲರಿಗೂ ಟೀ ತಂದಳು. ಕತ್ತರಿಯಣ್ಣ ಮುಖ ಊದಿಸಿಕೊಂಡು ಗೋಡೆ ನೋಡುತ್ತ ಕುಡಿದ. "ಮಾತು ಕೊಟ್ಟಿದೀನಿ ಅಂತ ಸುಮ್ಮನಿದೀನಿ. ಒಪ್ಪಿದೀನಿ ಅಂತ ಅಲ್ಲ," ಎಂದ. "ಅಲ್ಲಕ್ಕ, ಹಾಗಾದ್ರೆ ಮನುಷ್ಯ ಆಸೇನೇ ಪಡಬಾರದಾ?"

"ಯಾರಂದ್ರು?" ಎಂದಳು ಅಕ್ಕ. "ರೆಡ್ ಹಾಕ್ಲೇಬೇಕು ಕತ್ತರಿಯಣ್ಣ. ಆಟದ ರುಚಿ ಇರೋದೇ ಅದರಲ್ಲಿ. ಫಾಲೋ ಇಟ್ಕೊಂಡು ಹಾಕಿ ಅಂತ ಅಷ್ಟೇ. ಮನೆ ಬಾಡಿಗೆ, ಅಂಗಡಿ ಬಾಡಿಗೆ, ದಿನಸಿ, ಕರೆಂಟು, ಮಗಳ ಸ್ಕೂಲು, ಔಷಧಿ, ಎಲ್ಲ ಸೇರಿ ಒಂದು ತಿಂಗಳಿಗೆ ಎಷ್ಟು ಬೇಕು? ಕೂತು ಲೆಕ್ಕ ಹಾಕಿ. ಕಡಿಮೆ ಅಂದ್ರೂ ಮೂರು ತಿಂಗಳಿಗೆ ಆಗೋವಷ್ಟು, ಆದ್ರೆ ಆರು ತಿಂಗಳಿಗೆ ಆಗೋವಷ್ಟು, ಒಂದು ಕಡೆ ಇರ್ಬೇಕು. ಅದು ನಿಮ್ಮ ಫಾಲೋ. ನಿಮ್ಮದು ದಿನಗೂಲಿ ಇದ್ದ ಹಾಗೆ. ಕೈ ಆಡಿದ್ರೆ ದುಡ್ಡು, ನಿಂತ್ರೆ ಇಲ್ಲ. ನಿಮಗಂತೂ ಅದು ಬೇಕೇ ಬೇಕು. ಕುರ್ಚಿಗೆ ಬೇರೆ ಖಾತೆ ಮಾಡಿ. ತಿಂಗಳಿಗಿಷ್ಟು ಅಂತ ಕಟ್ಟೋ ಉಳಿತಾಯ ಖಾತೆ ಇದೆ. ನೀವು ಕಂತು ಕಟ್ಟೋಕೆ ರೆಡಿ ಇದ್ರಲ್ಲ? ಅದೇ ಕಂತನ್ನ ನಿಮಗೆ ನೀವೇ ಮೊದಲು ಕಟ್ಕೊಳ್ಳಿ. ಬಡ್ಡಿ ನೀವು ಕೊಡೋದು ತಪ್ಪತ್ತೆ, ನಿಮಗೇ ಬರತ್ತೆ."

"ಅಷ್ಟು ದಿನ ಯಾರು ಕಾಯ್ತಾರಕ್ಕ? ಫೋನಲ್ಲಿ ದುಡ್ಡು ಕಟ್ಟಿ ಕೇರಂ ಆಡಬಹುದಂತೆ. ನನ್ನ ಕೈಗೆ ಒಂದೇ ವಾರದಲ್ಲಿ ಕುರ್ಚಿ ಬಂದುಬಿಡತ್ತೆ," ಎಂದ ಕತ್ತರಿಯಣ್ಣ. ಕಣ್ಣಲ್ಲಿ ಹೊಸ ಆಸೆ.

"ನಿಮ್ಮ ಕೈ ಇವತ್ತು ಎಲ್ಲಿಗೆ ಹೋಯ್ತು ಅಂತ ಈಗ ತಾನೇ ನೋಡಿದ್ವಲ್ಲ!" ಎಂದಳು ಹೆಂಡತಿ.

"ಆಟದಿಂದ ಬುದ್ಧಿ ಕಲೀರಿ. ಆಟಕ್ಕೆ ದುಡ್ಡು ಕಟ್ಟಬೇಡಿ," ಎಂದಳು ಅಕ್ಕ. "ಆ ಫೋನಿನ ಆಟ ಮೊದಲು ನಾಲ್ಕು ಸಲ ಗೆಲ್ಲಿಸತ್ತೆ, ಆಮೇಲೆ ಮನೇನೇ ಗುಡಿಸಿಕೊಂಡು ಹೋಗತ್ತೆ. ಕೌಂಟರಿನ ಈಚೆ ಕೂತು ಎಷ್ಟು ಜನ ಅಳೋದು ನೋಡಿದೀನಿ ನಾನು."

ಸೋಮವಾರ ಕತ್ತರಿಯಣ್ಣ ಹೆಂಡತಿಯ ಹಿಂದೆ ಗೊಣಗುತ್ತ ಪೋಸ್ಟಾಫೀಸಿಗೆ ಹೋಗಿ ಕುರ್ಚಿಯ ಹೆಸರಿನಲ್ಲೊಂದು ಖಾತೆ ತೆರೆದ. ತಿಂಗಳ ಕಂತಿಗೆಂದು ದಿನಾ ಸಂಜೆ ಗಲ್ಲಾಪೆಟ್ಟಿಗೆಯಿಂದ ಅಷ್ಟಿಷ್ಟು ತೆಗೆದು ಹೆಂಡತಿಯ ಕೈಗಿಡುವಾಗ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡುತ್ತಿದ್ದ.

ಎರಡು ತಿಂಗಳು ಕಳೆಯಿತು. ಒಂದು ದಿನ ಬೆಳಿಗ್ಗೆ ಅಂಗಡಿಯಲ್ಲಿ ಕತ್ತರಿಯಣ್ಣ, ತಾತ ಇಬ್ಬರೇ ಇದ್ದರು. ಕಿಟಕಿಯ ಹತ್ತಿರ ಇಟ್ಟಿದ್ದ ಫೋನು ಹೊಡೆದುಕೊಂಡಿತು. "ಕುರ್ಚಿಯವನ ಹೆಸರು ಬರ್ತಿದೆ ಕಣೋ!" ಎಂದರು ತಾತ ಇಣುಕಿ ನೋಡಿ. ಕತ್ತರಿಯಣ್ಣ ಎಲ್ಲ ಮರೆತು ಕನ್ನಡಿಯ ಕಡೆಯಿಂದ ಓಡಿದ. ದಾರಿಯಲ್ಲಿ ಕೇರಂ ಬೋರ್ಡು, ಅದರ ಕೆಳಗೆ ತಾನೇ ಉದುರಿಸಿದ, ತಾನೇ ಒರೆಸದ ಪೌಡರು. ಕಾಲು ಒಂದು ಕಡೆ ಹೋಯಿತು, ಕತ್ತರಿಯಣ್ಣ ಇನ್ನೊಂದು ಕಡೆ ಹೋದ. ಬಲಗೈ ಊರಿ ದೊಪ್ಪನೆ ಬಿದ್ದ. ಎಡಗೈಗೆ ಸಿಕ್ಕ ಫೋನೂ ಗುಂಡಿ ಒತ್ತಿಹೋಗಿ, ಅವನ ಪಕ್ಕದಲ್ಲೇ ಬಿದ್ದು ಮಾತಾಡತೊಡಗಿತು.

"ಹಲೋ ಸಾರ್, ಹೊಸ ಆಫರ್ ಸಾರ್, ಇವತ್ತು ಒಂದೇ ದಿನ ಸಾರ್..."

ತಾತ ಬಗ್ಗಿ ಫೋನೆತ್ತಿಕೊಂಡರು. "ಅವನು ಈಗ ತಾನೇ ನೆಲದ ಮೇಲೆ ಚೆನ್ನಾಗಿ ಚಾಚಿಕೊಂಡಿದಾನಪ್ಪ. ಕುರ್ಚಿ ಬೇಕಾಗಿಲ್ಲವಂತೆ," ಎಂದು ಕಟ್ ಮಾಡಿದರು. ಆಮೇಲೆ ಕತ್ತರಿಯಣ್ಣನ ಮುಖ ನೋಡಿ ಅವರ ನಗು ನಿಂತುಹೋಯಿತು. "ಅಮ್ಮಾ, ಬೇಗ ಬಾ!" ಎಂದು ಒಳಗೆ ಕೂಗಿದರು.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ ಎಂದು ಪ್ಲಾಸ್ಟರ್ ಹಾಕಿದರು. "ಒಂದೂವರೆ ತಿಂಗಳು ಈ ಕೈಯಲ್ಲಿ ಏನೂ ಹಿಡೀಬಾರದು. ಆಮೇಲೂ ಹುಷಾರಾಗಿರಬೇಕು," ಎಂದರು ಡಾಕ್ಟರು.

ಕತ್ತರಿಯಣ್ಣನಿಗೆ ಕೈಯ ನೋವು ಆ ಮಾತಿನೊಂದಿಗೇ ಮರೆತುಹೋಯಿತು. ಕತ್ತರಿ ಹಿಡಿಯದೆ ಅವನು ಏನು? ಎರಡು ಬಾಡಿಗೆ. ಮಗಳ ಫೀಸು. ಒಲೆಯ ಮೇಲಿಡುವ ಪಾತ್ರೆ. ಎಲ್ಲವೂ ಆ ಒಂದು ಮಣಿಕಟ್ಟಿನ ಮೇಲೆ ನಿಂತಿತ್ತು. ಯಾರ ಬಾಗಿಲಿಗೆ ಹೋಗಲಿ, ಯಾರ ಮುಂದೆ ಕೈಯೊಡ್ಡಲಿ? ಒಡ್ಡಲು ಕೈಯೂ ನೆಟ್ಟಗಿಲ್ಲ.

"ಏನ್ಮಾಡೋದೇ?" ಎಂದ. ದನಿ ಮಗುವಿನದಾಗಿತ್ತು.

ಹೆಂಡತಿ ಅವನ ಎಡಗೈ ಹಿಡಿದುಕೊಂಡಳು. ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎಂದು ಒಂದು ಮಾತೂ ಆಡಲಿಲ್ಲ. ಪೌಡರಿನ ಸುದ್ದಿಯನ್ನೂ ಎತ್ತಲಿಲ್ಲ.

"ಫಾಲೋ ಇದೆ ಕಣ್ರೀ," ಅಂದಳು.

ಕತ್ತರಿಯಣ್ಣ ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟ. ನರ್ಸಮ್ಮ ನೋವಿರಬೇಕೆಂದು ಓಡಿಬಂದು ಇನ್ನೊಂದು ಮಾತ್ರೆ ಕೊಟ್ಟರು.

ಮರುದಿನ ಪೋಸ್ಟಾಫೀಸಿನಲ್ಲಿ ಒಂದು ತಮಾಷೆಯಾಯಿತು. ದುಡ್ಡು ತೆಗೆಯಲು ಇಬ್ಬರ ಸಹಿಯೂ ಬೇಕು. ಆವತ್ತು ಯಾರ ಸಹಿಗಾಗಿ ಅವನು ಕೇರಂ ಆಡಿದ್ದನೋ, ಆ ಹೆಂಡತಿ ಎರಡು ನಿಮಿಷದಲ್ಲಿ ಸಹಿ ಹಾಕಿ ಪೆನ್ನು ಕೊಟ್ಟಳು. ಈಗ ಸಹಿ ಹಾಕಲಾಗದವನು ಅವನೇ. ಎಡಗೈಯಲ್ಲಿ ಬರೆದದ್ದು ಇರುವೆ ಶಾಯಿಯಲ್ಲಿ ಬಿದ್ದು ಓಡಾಡಿದ ಹಾಗಿತ್ತು. "ಇದು ನಡೆಯಲ್ಲ ಕತ್ತರಿಯಣ್ಣ. ಹೆಬ್ಬೆಟ್ಟು ಒತ್ತಿ, ಗುರುತಿನವರು ಸಾಕ್ಷಿ ಹಾಕಲಿ," ಎಂದಳು ಕೌಂಟರಿನ ಆಚೆಯಿಂದ ಅಕ್ಕ. ತಾತ ಕನ್ನಡಕ ಏರಿಸಿ ದೊಡ್ಡ ಅಕ್ಷರದಲ್ಲಿ ಸಾಕ್ಷಿ ಹಾಕಿದರು.

ಆ ದಿನಗಳಲ್ಲಿ ಮನೆ ಹಿಗ್ಗಲಿಲ್ಲ, ಆದರೆ ಕುಗ್ಗಲೂ ಇಲ್ಲ. ಬಾಡಿಗೆ ಹೋಯಿತು, ಮಗಳು ಸ್ಕೂಲಿಗೆ ಹೋದಳು, ಒಲೆ ಹೊತ್ತಿತು. ಸಾಲ ಅಂತ ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಕೈಲಾಗದೆ ಕೂತ ಕತ್ತರಿಯಣ್ಣ ಹೆಂಡತಿಯ ಮಷೀನಿನ ಪಕ್ಕದಲ್ಲಿ ಎಡಗೈಯಿಂದ ಹಳೇ ಜಿಪ್ಪು ಬಿಚ್ಚಿಕೊಡುತ್ತಿದ್ದ. ಬಿಚ್ಚುತ್ತ ಒಮ್ಮೆ ತಾನಾಗಿಯೇ ಕೇಳಿದ. "ಏ, ಆವತ್ತು ನಾನೇನಾದ್ರೂ ಗೆದ್ದಿದ್ರೆ?"

"ಈಗ ಆ ಕುರ್ಚೀಲಿ ಮಲಗಿ ಗುಂಯ್ ಅನ್ನಿಸ್ಕೊಂಡು, ಕಂತಿನವರು ಬಂದಾಗ ಬಾಗಿಲ ಹಿಂದೆ ಅಡಗಿರ್ತಿದ್ರಿ," ಎಂದಳು ಅವಳು, ದಾರ ಕಚ್ಚಿ ತುಂಡು ಮಾಡುತ್ತ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಪಳಗಲೆಂದು ತಾತ ತಾವೇ ಮೊದಲ ಗಿರಾಕಿಯಾಗಿ ಕೂತರು. "ನನ್ನ ತಲೇಲಿ ನೀನು ಕೆಡಿಸೋಕೆ ಏನೂ ಇಲ್ಲ. ಗಡ್ಡ ನೋಡ್ಕೊಂಡು ತೆಗಿ." ಗಡ್ಡ ಸಲೀಸಾಗಿ ಬಂತು. ತಾತ ಮೊದಲ ಸಲ ಆ ಅಂಗಡಿಯಲ್ಲಿ ದುಡ್ಡು ಕೊಟ್ಟರು. ಕತ್ತರಿಯಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಬೇರೆ ಡಬ್ಬಿಗೆ ಹಾಕಿದ.

"ಕುರ್ಚಿಗಾ?" ಎಂದರು ತಾತ.

"ಅಲ್ಲ ತಾತ. ಅರ್ಧ ಖಾಲಿ ಆಗಿದೆ. ಮೊದಲು ಫಾಲೋ ತುಂಬಬೇಕು."

ಫಾಲೋ ತುಂಬಿತು. ಅದರ ಮೇಲೆ ಬಹಳ ದಿನ ಹಿಡಿದು ಕುರ್ಚಿಯ ಖಾತೆಯೂ ತುಂಬಿತು. ಕುರ್ಚಿ ಬಂದದ್ದು ಕಂತಿಲ್ಲದೆ, ಚೌಕಾಸಿ ಮಾಡಿ ಇಳಿಸಿದ ಬೆಲೆಗೆ. ಮೊದಲು ಕೂತವಳು ಹೆಂಡತಿ. ಮೂರನೆಯ ಗುಂಡಿ ಒತ್ತಿದರು. ಗುಂಯ್ ಎಂದಿತು. ವರ್ಷಗಟ್ಟಲೆ ಮಷೀನಿನ ಮುಂದೆ ಬಗ್ಗಿದ ಬೆನ್ನು ಅವಳದು. "ಚೆನ್ನಾಗಿದೆ ರೀ," ಎಂದು ಕಣ್ಣು ಮುಚ್ಚಿದಳು. ಗಿರಾಕಿಗಳು ಕಾಯುತ್ತಿದ್ದರು. ಕತ್ತರಿಯಣ್ಣ ಏಳು ಅನ್ನಲಿಲ್ಲ. ಒದ್ದೆ ಬಟ್ಟೆ ತಂದು, ಬಗ್ಗಿ, ನೆಲದ ಪೌಡರ್ ಒರೆಸಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ಕತ್ತರಿಯಣ್ಣನಿಗೆ ಗೊತ್ತಿದ್ದದ್ದು ನಿಮಗೂ ಗೊತ್ತಿದೆ. ಕೇರಂ ಆಡುವಾಗ, ಹಾವು ಏಣಿ ಆಡುವಾಗ, ಟೀವಿಯಲ್ಲಿ ಓದದೇ ಸಹಿ ಹಾಕುವವನನ್ನು ನೋಡಿ "ಅಯ್ಯೋ, ಹಾಕಬೇಡ್ವೋ" ಎಂದು ಕೂಗುವಾಗ ನಾವೆಲ್ಲ ಬಲು ಜಾಣರು. ಎದ್ದು ಬಂದು ನಮ್ಮದೇ ಜೇಬಿಗೆ ಕೈ ಹಾಕುವಾಗ ಆ ಜಾಣತನವನ್ನು ಅಲ್ಲೇ ಬಿಟ್ಟು ಬರುತ್ತೇವೆ. ಇನ್ನು ಮೇಲೆ ಅದನ್ನೂ ಜೊತೆಗೆ ಎತ್ತಿಕೊಂಡು ಬನ್ನಿ. ಈ ವಾರವೇ ಮನೆಯವರೆಲ್ಲ ಕೂತು ತಿಂಗಳ ಖರ್ಚೆಷ್ಟು ಎಂದು ನೋಡಿ. ಹತ್ತಿರದ ಪೋಸ್ಟಾಫೀಸಿಗೋ ಬ್ಯಾಂಕಿಗೋ ನಿಮ್ಮ ಸಂಘಕ್ಕೋ ಹೋಗಿ, ಕಷ್ಟಕ್ಕೆಂದೇ ಒಂದು ಖಾತೆ ಮಾಡಿ. ಚಿಕ್ಕದಾಗಿಯೇ ಶುರು ಮಾಡಿ, ಪರವಾಗಿಲ್ಲ. ಆಸೆಗೆ ಬೇರೆ ಖಾತೆ ಇರಲಿ. ಎರಡನ್ನೂ ಬೆರೆಸಬೇಡಿ.

ಆಸೆ ಪಡಿ, ಬೇಡ ಅನ್ನುವವರು ನಾವಲ್ಲ. ಆದರೆ "ಇವತ್ತು ಒಂದೇ ದಿನ ಸಾರ್" ಎಂದು ಫೋನು ಬಂದಾಗ, ಕೆಂಪಗೆ ಹೊಳೆಯುವುದೇನೋ ಎದುರಿಗೆ ಬಂದು ನಿಂತಾಗ, ಕೈ ಮುಂದೆ ಮಾಡುವ ಮೊದಲು ಮನೆಯವರ ಮುಖ ಒಮ್ಮೆ ನೋಡಿ, ಬಾಯಿಬಿಟ್ಟು ಕೇಳಿ: ಫಾಲೋ ಎಲ್ಲಿದೆ?